‘ಹಿಡಿ’ ಎಂಬ ಶಬ್ದಕ್ಕೆ ಮೂವತ್ತೊಂದು ಚೀಟಿ

ಅಂಗಡಿಯಲ್ಲಿ ಆಡಿದ ಮಾತಿಗೆ ಇರುವ ಬೆಲೆ ಮನೆಯಲ್ಲಿ ಆಡಿದ ಮಾತಿಗಿಲ್ಲ ಎಂದು ಬೀಗದಂಗಡಿಯ ಯಜಮಾನರು ಮದುವೆಯಾದಂದಿನಿಂದ ಕೊರಗುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ, ಹೆಂಡತಿ ಅಕ್ಕನ ಮನೆಗೆ ಹೋಗಿದ್ದಾಗ, ಅವಳ ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಯ ದಾರ ಬಿಚ್ಚಿದರು. ಕೊರಗು ಅಲ್ಲಿಗೆ ತೀರಿತು. ಅವರು ಮನೆಯಲ್ಲಿ ಆಡಿದ ಮಾತೆಲ್ಲ ಅಲ್ಲಿ ಆಡಿದ ಜಾಗದ ಸಮೇತ ಇತ್ತು.

ಹೆಂಡತಿಗೆ ನಿಘಂಟಿನ ಕೆಲಸ. ನಾಲ್ಕು ವರ್ಷ ಬೇರೆಯವರ ಬರಹದ ಕಾಗುಣಿತ ತಿದ್ದಿದ ಮೇಲೆ ಮೊದಲ ಬಾರಿಗೆ ಒಂದು ಶಬ್ದವನ್ನು ಪೂರ್ತಿಯಾಗಿ ಅವಳಿಗೇ ಒಪ್ಪಿಸಿದ್ದರು: ‘ಹಿಡಿ’. ಒಂದೊಂದು ಅರ್ಥಕ್ಕೆ ಒಂದೊಂದು ಚೀಟಿ. ಅದರಲ್ಲಿ ಅರ್ಥ, ಸಮಾನ ಪದ, ಜೊತೆಗೆ ಯಾರಾದರೂ ನಿಜವಾಗಿ ಆಡಿದ ಒಂದು ವಾಕ್ಯ. ಸೋಮವಾರ ಸಂಪಾದಕಿ ನೋಡಿ ಒಪ್ಪಿದರೆ ಮೊದಲ ಪುಟದಲ್ಲಿ ಅವಳ ಹೆಸರು ಅಚ್ಚಾಗುತ್ತದೆ.

ಯಜಮಾನರು ಓದಿದರು.

ಹಿಡಿ: ಆವರಿಸು, ಮೆಟ್ಟಿಕೊಳ್ಳು. ‘ಹುಚ್ಚು ಹಿಡಿದಿದೆಯಾ ನಿನಗೆ, ಒಂದು ಟವೆಲ್ಲಿಗೆ ಎರಡು ಬಕೆಟ್ ನೀರು?’ (ಗಂಡ, ಬಚ್ಚಲುಮನೆ.)

ಹಿಡಿ: ಬಿಗಿಯಾಗು. ‘ಪ್ಯಾಂಟು ಹೊಟ್ಟೆ ಹತ್ತಿರ ಹಿಡಿಯುತ್ತೆ. ನೀನೇ ಒಗೆದು ಒಗೆದು ಕುಗ್ಗಿಸಿದ್ದೀಯ.’ (ಗಂಡ, ಕನ್ನಡಿಯ ಮುಂದೆ.)

ಹಿಡಿ: ತಗಲು, ಬೇಕಾಗು. ‘ಬಲ್ಬು ಹಾಕೋಕೆ ಎಷ್ಟು ಹೊತ್ತು ಹಿಡಿಯುತ್ತೆ? ಐದೇ ನಿಮಿಷ.’ (ಗಂಡ. ಮೂರು ವಾರಗಳಲ್ಲಿ ನಾಲ್ಕು ಸಲ.)

ಮೂವತ್ತೊಂದು ಅರ್ಥಕ್ಕೂ ಒಬ್ಬನೇ ಗಂಡ. ಇದು ಅಚ್ಚಾಗಿ, ರಟ್ಟು ಹಾಕಿಸಿಕೊಂಡು, ಗ್ರಂಥಾಲಯದಲ್ಲಿ ತಲತಲಾಂತರ ಕೂರುತ್ತದೆ. ಆಗ ಯಜಮಾನರು ವ್ಯಾಪಾರಿಗೆ ಸಹಜವಾದದ್ದನ್ನೇ ಮಾಡಿದರು. ಡಾಗು ಬಿದ್ದ ಸರಕನ್ನು ತೆಗೆದು ಹೊಳೆಯುವುದನ್ನು ಮುಂದಿಟ್ಟರು. ಮೂವತ್ತೊಂದು ಚೀಟಿಯನ್ನೂ ಚೂರುಚೂರು ಮಾಡಿ ಬೀದಿಯ ಕಸದ ಗಾಡಿಗೆ ಹಾಕಿ ಬಂದು, ಹೆಂಡತಿಯ ಗುಂಡು ಅಕ್ಷರವನ್ನೇ ಅನುಕರಿಸಿ ಹೊಸದಾಗಿ ಬರೆದರು. ‘ನಿನ್ನ ಕೈ ಹಿಡಿದಂದೇ ನನ್ನ ಬಾಳು ಬೆಳಗಿತು.’ (ಗಂಡ, ಅಡುಗೆಮನೆ.) ‘ನೀನು ದಣಿದಿರುವೆ, ಪೊರಕೆಯನ್ನು ನಾನು ಹಿಡಿಯುವೆ.’ (ಗಂಡ, ನಡುಮನೆ.) ಬರೆಯುತ್ತಾ ಬರೆಯುತ್ತಾ ಅವರಿಗೇ ಆ ಗಂಡನ ಮೇಲೆ ಗೌರವ ಮೂಡಿತು. ದಾರವನ್ನು ಮೊದಲಿನ ಹಾಗೇ ಕಟ್ಟಿಟ್ಟರು.

ಸೋಮವಾರ ಬೆಳಿಗ್ಗೆ ಸಂಪಾದಕಿ ಮನೆಗೇ ಬಂದರು. ತಮ್ಮ ಕೀರ್ತಿಯ ಉದಯವನ್ನು ಕಣ್ಣಾರೆ ಕಾಣಲು ಯಜಮಾನರು ಅಂಗಡಿ ತೆರೆಯದೆ ಕುಳಿತಿದ್ದರು. ಆ ಹಿರಿಯ ಹೆಂಗಸು ಮೂರು ಚೀಟಿ ಓದಿ ಕನ್ನಡಕ ತೆಗೆದರು.

“ಯಾರಮ್ಮ ಈ ಮಹಾನುಭಾವ?”

“ನಮ್ಮನೆಯವರು, ಮೇಡಂ.”

“ಪೊರಕೆ ನಾನು ಹಿಡಿಯುವೆ ಅಂದರಾ?”

ಹೆಂಡತಿ ಚೀಟಿ ಇಸಿದುಕೊಂಡು ಓದಿದಳು. ಇನ್ನೊಂದನ್ನು ಓದಿದಳು. ಗಂಡನ ಕಡೆ ತಿರುಗಲೂ ಇಲ್ಲ.

“ನಮಗೆ ಬೇಕಾದ್ದು ಜನ ಆಡಿದ ಮಾತು, ಕಟ್ಟಿದ ಮಾತಲ್ಲ,” ಎಂದು ಸಂಪಾದಕಿ ಪೆಟ್ಟಿಗೆ ಮುಚ್ಚಿದರು. “ಬೇಜಾರು ಮಾಡ್ಕೋಬೇಡಮ್ಮ. ಈ ಶಬ್ದ ಇನ್ನೊಬ್ಬರಿಗೆ ಕೊಡ್ತೀನಿ.”

ಹೆಂಡತಿ ಬೈದಿದ್ದರೆ ಯಜಮಾನರು ತಡೆದುಕೊಳ್ಳುತ್ತಿದ್ದರು, ಅದು ಅಭ್ಯಾಸವಿತ್ತು. ಅವಳು ಶಾಯಿ ಅಂಟಿದ ಬೆರಳನ್ನು ಸೆರಗಿನಿಂದ ಸುಮ್ಮನೆ ಒರೆಸಿಕೊಳ್ಳುತ್ತಾ ನಿಂತದ್ದನ್ನು ಮಾತ್ರ ತಡೆಯಲಾಗಲಿಲ್ಲ.

“ಮೇಡಂ, ಅವಳದೇನೂ ತಪ್ಪಿಲ್ಲ. ಅವಳು ಬರೆದದ್ದನ್ನ ನಾನೇ ಹರಿದು ಹಾಕಿದೆ.”

“ಮೂವತ್ತೊಂದನ್ನೂ?” ಎಂದಳು ಹೆಂಡತಿ.

“ಮೂವತ್ತೊಂದೂ ನೆನಪಿದೆ ಕಣೇ. ಆಡಿದವನು ನಾನೇ ತಾನೆ?”

ಸಂಪಾದಕಿ ಯೋಚಿಸಿದರು. “ಆಡಿದವರೇ ಎದುರಿಗೆ ಆಡಿ ತೋರಿಸಿದರೆ ನಡೆಯುತ್ತೆ. ಹೇಳಿ ನೋಡೋಣ.”

ಯಜಮಾನರು ಎದ್ದು ನಿಂತು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವರಂತೆ ಕೈಕಟ್ಟಿ, “ಹುಚ್ಚು ಹಿಡಿದಿದೆಯಾ ನಿನಗೆ...” ಎಂದು ಪಿಸುಗುಟ್ಟಿದರು.

“ಹಾಗಲ್ಲ. ಮನೆಯಲ್ಲಿ ಹೇಗೆ ಅಂತೀರೋ ಹಾಗೆ.”

“ಗಂಟಲು ಇನ್ನೂ ಜೋರು, ಮೇಡಂ,” ಎಂದಳು ಹೆಂಡತಿ, ಹೊಸ ಚೀಟಿ ಎಳೆದುಕೊಳ್ಳುತ್ತಾ.

ಎರಡನೆಯ ಸಲಕ್ಕೆ ದನಿ ಏರಿತು. ಪ್ಯಾಂಟಿನ ಹೊತ್ತಿಗೆ ಆವೇಶವೇ ಬಂತು. ಹತ್ತು ದಾಟುವಷ್ಟರಲ್ಲಿ ಪಕ್ಕದ ಮನೆಯವರು ಕಿಟಕಿಗೆ ಬಂದು, ದಿನನಿತ್ಯದ ಸಮಾಚಾರವೇ ಎಂದು ಖಾತ್ರಿ ಮಾಡಿಕೊಂಡು ಹೋದರು. ಮೂವತ್ತೊಂದೂ ಮುಗಿದಾಗ ಯಜಮಾನರು ಬೆವರಿದ್ದರು. ಹೆಂಡತಿಯ ಮುಖ ಮಾತ್ರ ಅರಳಿತ್ತು.

“ಅಪ್ಪಟ ಮಾತು,” ಎಂದು ಸಂಪಾದಕಿ ರುಜು ಹಾಕಿದರು. “ನಿನ್ನ ಹೆಸರು ಮೊದಲ ಪುಟಕ್ಕೆ ಹೋಯಿತಮ್ಮ. ಈಗ ಯಜಮಾನರ ಪೂರ್ತಿ ಹೆಸರು, ಅಂಗಡಿಯ ವಿಳಾಸ ಬರೆದುಕೋ.”

ಯಜಮಾನರಿಗೆ ಅರ್ಥವಾಗಲಿಲ್ಲ. “ಅದ್ಯಾಕೆ? ಮೊದಲು ಬರೀ ‘ಗಂಡ’ ಅಂತಿತ್ತಲ್ಲ?”

“ಕೇಳಿ ಬರೆದುಕೊಂಡಿದ್ದರೆ ಅಷ್ಟೇ ಸಾಕಿತ್ತು. ಅಂಥ ಗಂಡಂದಿರು ಊರ ತುಂಬ ಇದ್ದಾರೆ, ಯಾರು ಅಂತ ಯಾರು ಕೇಳ್ತಾರೆ? ನೀವು ಖುದ್ದಾಗಿ ಸಾಕ್ಷಿ ಹೇಳಿದ್ದೀರಿ. ಸಾಕ್ಷಿಗೆ ಹೆಸರು, ವಿಳಾಸ ಹಾಕದಿದ್ದರೆ ಅಚ್ಚಿಗೆ ತಗೊಳ್ಳಲ್ಲ.”

ಹೆಂಡತಿ ಪೆನ್ನು ಎತ್ತಿ ಹಿಡಿದಿದ್ದಳು. “ಹೇಳ್ರೀ, ಅಂಗಡಿ ಬಾಗಿಲ ಸಂಖ್ಯೆ ಎಷ್ಟು?”

ಯಜಮಾನರು ಅವಳನ್ನು ನೋಡಿದರು, ಸಂಪಾದಕಿಯನ್ನು ನೋಡಿದರು, ಬೀದಿ ಬಾಗಿಲನ್ನೂ ನೋಡಿದರು. ಕೊನೆಗೆ ಸಂಖ್ಯೆ ಹೇಳಿ ಕುರ್ಚಿಯಲ್ಲಿ ಕುಸಿದರು.

“ಜನ ಹುಡುಕಿಕೊಂಡು ಬರ್ತಾರೆ, ಭಾನುವಾರ ರಜೆ ಅಂತಲೂ ಬರೆದುಕೋ,” ಎಂದರು.