ಹಾಡಿನ ನಡುವೆ ಅಮ್ಮನ ಬೈಗುಳ

"ಈ ಭೂಮಿಯ ಮೇಲೆ ಸ್ಕ್ರೂ ಇರೋ ಯಾವ ವಸ್ತುವೂ ನನ್ನ ಕೈ ಮೀರಿ ಹೋಗೋಕೆ ಸಾಧ್ಯ ಇಲ್ಲ!" ಎಂದು ಭಾನುವಾರ ಬೆಳಿಗ್ಗೆ ಯಜಮಾನರು ಘೋಷಿಸಿದರು. ಕನ್ನಡಕದಂಗಡಿ ಇಟ್ಟವರಿಗೆ ಇಷ್ಟು ಜಂಬ ಸಹಜ. ಸಾಸಿವೆಯಷ್ಟು ಸ್ಕ್ರೂಗಳನ್ನು ಕೂರಿಸುವ ಕೈ, ಹಳೇ ಟೇಪ್ ರೆಕಾರ್ಡರಿಗೆ ಹೆದರುವುದುಂಟೆ?

ಹೆದರಿದ್ದು ಅವರ ಹೆಂಡತಿ. "ರೀ, ಅದನ್ನ ಬಿಚ್ಬೇಡಿ. ರಿಪೇರಿ ಅಂಗಡಿಗೆ ಕೊಡೋಣ. ಕ್ಯಾಸೆಟ್ಟಲ್ಲಿ ಇರೋದನ್ನೂ ಫೋನಿಗೆ ಹಾಕಿ ಕೊಡ್ತಾರಂತೆ."

"ನನ್ನ ಕ್ಯಾಸೆಟ್ಟು ಬೇರೆಯವರ ಕೈಗೆ? ನಾನು ಬದುಕಿರೋವರೆಗೂ ಇಲ್ಲ!"

ಆ ಕ್ಯಾಸೆಟ್ಟಿನ ಮಹಿಮೆ ಹೇಳದೆ ಮುಂದೆ ಹೋಗುವಂತಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಒಂದು ಬ್ಯಾಂಡು ಯಜಮಾನರನ್ನು ಹಿಡಿದುಕೊಂಡಿತು. ಮೀಸೆ ನರೆತರೂ ಬಿಟ್ಟಿಲ್ಲ. ಉದ್ದಗೂದಲಿನ ನಾಲ್ವರು, ಗಿಟಾರು, ಡ್ರಮ್ಮು, ಆಕಾಶ ಹರಿಯುವಂಥ ಕೂಗು! ಡ್ರಮ್ಮಿನ ಮೊದಲ ಪೆಟ್ಟು ಬಿದ್ದರೆ ಸಾಕು, ಇವತ್ತಿಗೂ ಅವರ ಕೈ ಬೋಳುತಲೆಯ ಮೇಲೆ ಹೋಗಿ, ಇಲ್ಲದ ಕೂದಲನ್ನು ಹಿಂದಕ್ಕೆ ತಳ್ಳುತ್ತದೆ.

ಆಗ ಹಾಡು ಬರುತ್ತಿದ್ದದ್ದು ರೇಡಿಯೋದಲ್ಲಿ. ಅದರ ಎದುರು ಟೇಪ್ ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು ತುಂಬಿಸಿಕೊಂಡ ಹಾಡು ಅದು. ನಡುವೆ, ಗಿಟಾರು ಒಂದೇ ಅಳುವ ಜಾಗದಲ್ಲಿ, ಅಡುಗೆಮನೆಯಿಂದ ಅಮ್ಮ ಕೂಗಿದರು: "ಲೋ! ಆ ಕಿರುಚಾಟ ನಿಲ್ಲಿಸ್ತೀಯೋ, ಇಲ್ಲ ನಾನೇ ಬರ್ಲೋ?" ಮಗ ಹಟಕ್ಕೆ ರೇಡಿಯೋ ಇನ್ನೂ ಜೋರು ಮಾಡಿದ. ಬೈಗುಳವೂ ಹಟವೂ ಹಾಗೇ ಟೇಪಿನಲ್ಲಿ ಕೂತವು. ಈಗ ಅಮ್ಮ ಇಲ್ಲ. ಫೋಟೋಗಳಿವೆ, ಸೀರೆಗಳಿವೆ, ಧ್ವನಿ ಅಂತ ಉಳಿದಿರುವುದು ಆ ಒಂದು ಬೈಗುಳ ಮಾತ್ರ. ಭಾನುವಾರಕ್ಕೊಮ್ಮೆ ಅದನ್ನು ಕೇಳದಿದ್ದರೆ ಯಜಮಾನರಿಗೆ ಊಟ ರುಚಿಸುವುದಿಲ್ಲ.

ಈಚೆಗೆ ಯಂತ್ರದ ಬೆಲ್ಟು ಸಡಿಲವಾಗಿ ಹಾಡು ಎಳೆಯತೊಡಗಿತ್ತು. ಬ್ಯಾಂಡಿನವರು ನಿದ್ದೆಗಣ್ಣಿನಲ್ಲಿ ಹಾಡಿದರೆ ಸಹಿಸಿಕೊಳ್ಳಬಹುದು. ಅಮ್ಮ ಮಾತ್ರ ಜನ್ಮದಲ್ಲೇ ಅಷ್ಟು ನಿಧಾನವಾಗಿ ಬೈದವರಲ್ಲ!

ಹೆಂಡತಿ ಮಾರ್ಕೆಟ್ಟಿಗೆ ಹೊರಟದ್ದೇ ತಡ, ಯಂತ್ರದ ಹೊಟ್ಟೆ ಬಿಚ್ಚಿತು. ಬೆಲ್ಟಿನ ಜಾಗಕ್ಕೆ ಸೊಪ್ಪಿನ ಕಟ್ಟಿನ ರಬ್ಬರ್ ಬ್ಯಾಂಡು ಏರಿತು. ಗುಂಡಿ ಒತ್ತಿದರೆ, ಅಯ್ಯೋ, ಆ ಸಿಂಹದಂಥ ಗಾಯಕರೆಲ್ಲ ಕೋಳಿಮರಿಗಳ ಹಾಗೆ ಕಿಚಿಕಿಚಿ ಅಂದರು! ಮರುಕ್ಷಣ 'ಕರ್ರ್' ಅಂತ ಸದ್ದಾಗಿ ಟೇಪು ಯಂತ್ರದ ಹಲ್ಲಿಗೆ ಸಿಕ್ಕಿತು. ಯಜಮಾನರು ಬೆವರೊರೆಸಿಕೊಳ್ಳುತ್ತ ಅದನ್ನು ಮೆಲ್ಲಗೆ ಎಳೆದು, ಸುಕ್ಕು ಬಿಡಿಸಿ, ಊಟದ ಮೇಜಿನ ತುಂಬ ಹರಡಿದರು.

ಅಷ್ಟರಲ್ಲಿ ಹೆಂಡತಿ ಚೀಲ ಹೊತ್ತು ಬಂದರು. "ಉಸ್ಸಪ್ಪಾ, ಏನು ಸೆಖೆ!" ಎನ್ನುತ್ತ ಫ್ಯಾನಿನ ಸ್ವಿಚ್ಚು ಒತ್ತಿದರು.

"ಹಾಕ್ಬೇಡ್ವೇ!"

ತಡವಾಗಿತ್ತು. ಟೇಪು ಮೇಜಿನಿಂದ ಎದ್ದು, ತೇಲಿ, ಫ್ಯಾನಿಗೆ ಸುತ್ತಿಕೊಂಡು ಗರಗರ ತಿರುಗಿತು. ಸ್ಟೂಲು ಹತ್ತಿ, ಬಿಡಿಸಿ, ಕತ್ತರಿಸಿ, ಕನ್ನಡಕದಂಗಡಿಯ ನಾಜೂಕಿನಿಂದ ತುಂಡುಗಳನ್ನು ಅಂಟಿಸಿ, ಹಳೇ ಬೆಲ್ಟನ್ನೇ ಹಾಕಿ ನುಡಿಸಿದ್ದಾಯಿತು. ಡ್ರಮ್ಮು ಬಂತು. ಹಾಡು ಬಂತು. ಗಿಟಾರು ಅಳತೊಡಗಿತು. ಯಜಮಾನರು ಕಣ್ಣು ಮುಚ್ಚಿದರು. ಟಕ್! ಹಾಡು ಮುಂದಿನ ಚರಣಕ್ಕೆ ಹಾರಿತು.

ಅಮ್ಮ ಬರಲಿಲ್ಲ. ಆ ತುಣುಕು ಪುಡಿಪುಡಿಯಾಗಿ ಫ್ಯಾನಿನ ಕೆಳಗೆ ಬಿದ್ದಿತ್ತು.

ಯಜಮಾನರು ನೆಲದಲ್ಲೇ ಕೂತುಬಿಟ್ಟರು. 'ನಾನು ಮೊದ್ಲೇ ಹೇಳಿರ್ಲಿಲ್ವಾ' ಎನ್ನುವ ಸುವರ್ಣಾವಕಾಶ ಹೆಂಡತಿಯ ಬಾಯಿಗೇ ಬಂದಿತ್ತು. ಆಕೆ ಅದನ್ನು ನುಂಗಿಕೊಂಡರು. ಫೋನಿನಲ್ಲಿ ಅದೇ ಹಾಡು ಹುಡುಕಿ, ಸ್ಪೀಕರಿಗೆ ಜೋಡಿಸಿ ಪಕ್ಕದಲ್ಲಿಟ್ಟರು.

"ಹಾಡಾದ್ರೂ ಕೇಳಿ."

"ಇದ್ರಲ್ಲಿ ಅಮ್ಮ ಇಲ್ಲ ಕಣೇ," ಎಂದರು ಯಜಮಾನರು.

ಆಕೆ ಅಡುಗೆಮನೆಗೆ ಹೋದರು. ಹಾಡು ತೊಳೆದಿಟ್ಟಷ್ಟು ಶುದ್ಧವಾಗಿತ್ತು, ಕೇಳಲಾಗದಷ್ಟು ಶುದ್ಧ. ಗಿಟಾರು ಅಳುವ ಜಾಗ ಹತ್ತಿರ ಬಂದಂತೆ ಯಜಮಾನರು ತಲೆ ತಗ್ಗಿಸಿದರು. ಆಗ ಒಳಗಿನಿಂದ, ಚೂರೂ ತಾಳ ತಪ್ಪದೆ, ಸಿಡಿಲಿನಂಥ ಕೂಗು ಬಂತು:

"ಲೋ! ಆ ಕಿರುಚಾಟ ನಿಲ್ಲಿಸ್ತೀಯೋ, ಇಲ್ಲ ನಾನೇ ಬರ್ಲೋ?"

ಮದುವೆಯಾದಾಗಿನಿಂದ 'ರೀ' ಬಿಟ್ಟು ಬೇರೆ ಕರೆಯದ ಬಾಯಿ! ಯಜಮಾನರು ಬೆಚ್ಚಿಬಿದ್ದು, "ಇಲ್ಲಮ್ಮಾ!" ಎನ್ನುತ್ತ ತಟ್ಟನೆ ಸದ್ದು ಕಮ್ಮಿ ಮಾಡಿದರು.

ಹೆಂಡತಿ ಸೌಟು ಹಿಡಿದು ಬಾಗಿಲಿಗೆ ಬಂದರು. ಕಣ್ಣಂಚು ಒದ್ದೆಯಾಗಿತ್ತು, ಧ್ವನಿ ಮಾತ್ರ ಗಡುಸು.

"ಏನ್ರೀ ಇದು, ಕಮ್ಮಿ ಮಾಡ್ತೀರಾ? ಅತ್ತೆ ಬೈದ ತಕ್ಷಣ ನೀವು ಜೋರು ಮಾಡ್ಬೇಕು, ಟೇಪಲ್ಲಿ ಇರೋದೇ ಹಾಗೆ. ಎಲ್ಲಾ ಕೆಡಿಸಿದ್ರಿ. ಹಾಕಿ, ಮೊದ್ಲಿಂದ!"