ಬತ್ತಿಯ ಹತ್ತಿ ಹೊಳ್ಳಿ ಬಂದದ್ದು

ಹತ್ತಿ ಇದ್ದಲ್ಲಿ ಹುಳ, ಹುಳ ಇದ್ದಲ್ಲಿ ಸಂಶೋಧನೆಯವರು, ಅವರು ಇದ್ದಲ್ಲಿ ನನ್ನಂಥವನ ಒಂದು ಎಡವಟ್ಟು. ನಮ್ಮ ದೇವರು ಬೀರಪ್ಪ ಇದನ್ನು ಒಂದು ವರ್ಷವೂ ತಪ್ಪಿಸಲಿಲ್ಲ.

೧. ಉಡಿ ತುಂಬಿ ಕಳಿಸಿದ್ದು

ಬೀಳಗಿ ಕಡೆಯ ನಮ್ಮ ಹಳೇ ಊರಿನ ಹಿತ್ತಲಲ್ಲಿ ನನ್ನ ಹೆಂಡತಿ ಒಂದು ದೇವಹತ್ತಿ ಗಿಡ ಬೆಳೆಸಿದ್ದಳು. ಸಂಜೆಯ ದೀಪಕ್ಕೆ ಅದರದೇ ಬತ್ತಿ. ಆ ಗಿಡಕ್ಕೆ ಹುಳ ಬಿದ್ದದ್ದನ್ನು ಯಾರೂ ಕಂಡಿಲ್ಲ. ಅವಳ ಬಾಯಿಗೆ ಹೆದರಿ ಬರುವುದಿಲ್ಲ ಎಂದು ನಾನು ಹೇಳುತ್ತಿದ್ದೆ, ಅವಳು ಹತ್ತಿರ ಇಲ್ಲದಾಗ. ನಮ್ಮ ಕಟ್ಟೆಯ ಮೇಲೆ ಹರಟೆಗೆ ಕೂತ ಗೆಳೆಯರು ಅವಳ ಸೆರಗು ಕಂಡರೆ ಸಾಕು, ಚಪ್ಪಲಿ ಬಿಟ್ಟು ಓಡುತ್ತಿದ್ದರು.

ಅವಳು ತೀರಿಕೊಂಡ ಮರುವರ್ಷ ಡ್ಯಾಮಿನ ಹಿನ್ನೀರು ಊರಿಗೆ ಬರುತ್ತದೆಂದು ನೋಟೀಸು ಬಂತು. ಅದೇ ಹೊತ್ತಿಗೆ ಹತ್ತಿಯ ತಳಿ ಮಾಡುವ ಮೇಡಂ ಒಬ್ಬರು ಬಂದು ಆ ಗಿಡದ ಬೀಜ ಕೇಳಿದರು. ಒಡೆದ ಕಾಯಿಯನ್ನೆಲ್ಲ ಬಿಡಿಸಿ ಚೀಲಕ್ಕೆ ಹಾಕಿದೆ. ಬರಿಗೈಲಿ ಹೇಗೆ ಕಳಿಸುವುದು?

"ಯಾವಾಗ ಹೊಳ್ಳಿ ಕಳಸ್ತೀರಿ? ಪಂಚಮಿಗೇನ್ರಿ?" ಅಂದೆ.

"ಕಾಕಾರ, ಇದು ಬೀಜರಿ. ಕೊಟ್ಟ ಮಗಳಲ್ಲ," ಅಂದು ಮೇಡಂ ನಕ್ಕರು.

ವಾರದ ಮೇಲೆ ಅವರ ಆಫೀಸಿನಿಂದ ಕಾಗದ ಬಂತು: 'ತಮ್ಮ ಬೀಜದ ಚೀಲದಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣವೂ ಸಿಕ್ಕಿವೆ. ಇವು ಯಾವ ತಳಿ ಎಂದು ತಿಳಿಸುವುದು.'

೨. ಹುಳ ಬಿಟ್ಟದ್ದು

ಊರು ನೀರಿಗೆ ಹೋಯಿತು, ಗಿಡವೂ ಹೋಯಿತು. ಮುಧೋಳ ಹಾದಿಯ ಹೊಸ ಊರಿಗೆ ಬಂದೆವು. ಅವಳನ್ನು ಕಂಡು ಓಡುತ್ತಿದ್ದ ಗೆಳೆಯರಲ್ಲಿ ಒಬ್ಬ ಇಲ್ಲಿಯೂ ನೆರೆಯವನಾದ. ಎಲ್ಲರಂತೆ ಅವನೂ ಕಬ್ಬು ಹಚ್ಚಿದ. ನಾನು ಜಮಖಂಡಿ ಪೇಟೆಯಿಂದ ಬತ್ತಿ ತರುತ್ತಿದ್ದೆ. ದೀಪವೇನೋ ಉರಿಯುತ್ತಿತ್ತು. ಬತ್ತಿ ಹೊಸೆಯುತ್ತ ನನ್ನನ್ನು ಬೈಯುವವರು ಇರಲಿಲ್ಲ.

ಒಂದು ದಿನ ಮೇಡಂ ಬಂದರು. ದೇವಹತ್ತಿಯನ್ನು ಹೊಲದ ಹತ್ತಿಗೆ ಕೂಡಿಸಿದ್ದಾರಂತೆ, ಆ ಸಸಿಗಳ ಪರೀಕ್ಷೆಗೆ ಐದು ಗುಂಟೆ ಬೇಕಂತೆ. "ಹತ್ತು ತಗೋರಿ," ಅಂದೆ.

ಅವರು ಕುಂಚ ಹಿಡಿದು ಗಿಡಕ್ಕೆರಡು ಹುಳ ತಾವೇ ಬಿಟ್ಟರು! "ಔಷಧ ಹೊಡೀಬ್ಯಾಡ್ರಿ. ಯಾವ ಗಿಡ ತಡೀತೈತಿ ನೋಡೋಣು," ಅಂದು ಹೋದರು.

ಅವಳ ಗಿಡದ ಕುಡಿಗಳನ್ನು ಹುಳ ತಿನ್ನುವುದನ್ನು ನೋಡುತ್ತ ಹೇಗೆ ಕೂಡಲಿ? ಬೆಳಿಗ್ಗೆ ಬೀರಪ್ಪನ ಹೆಸರು ಹೇಳುತ್ತ ಒಂದೊಂದನ್ನೇ ಆರಿಸಿದೆ. ಕೊಲ್ಲಲು ಮನಸ್ಸಾಗದೆ ನೆರೆಯವನ ಕಬ್ಬಿನಲ್ಲಿ ಬಿಟ್ಟೆ.

ನಾಲ್ಕು ದಿನಕ್ಕೆ ಬಂದ ಮೇಡಂ ಕುಣಿಯುವುದೊಂದು ಬಾಕಿ. "ಎಲ್ಲಾ ಗಿಡ ಗೆದ್ದಾವು ಕಾಕಾರ!"

ಸುಳ್ಳು ನುಂಗಲಾಗಲಿಲ್ಲ, ಹೇಳಿಬಿಟ್ಟೆ. ಅವರು ಬದುವಿನ ಮೇಲೆ ತಲೆಗೆ ಕೈಹಚ್ಚಿ ಕೂತರು. ನೆರೆಯವ ಬೇಲಿಯಾಚೆಯಿಂದ ಕೂಗಿದ: "ಹುಳ ತಡ್ಯಾಂವ ಇವನ ನೋಡ್ರಿ ಮೇಡಂ! ಇವನ್ನ ತಳಿ ಮಾಡ್ರಿ!"

೩. ಎಲೆಯ ಜಾತಕ

ಮುಂದೆ ಮೇಡಂ ನನ್ನನ್ನು ನಂಬಿ ಹುಳ ಬಿಡಲಿಲ್ಲ. ಪ್ರತಿ ಸಸಿಗೂ ನಂಬರಿನ ಚೀಟಿ ಕಟ್ಟಿ, ಎಲೆಯ ಚೂರು ಒಯ್ಯತೊಡಗಿದರು. "ದೇವಹತ್ತಿಯ ಗುಣ ಬಂದ ಸಸಿಯ ವಂಶವಾಹಿಯೊಳಗ ಒಂದು ಗುರುತು ಇರತೈತಿ. ಹುಳ ಬರೂ ಮೊದಲ ತಿಳೀತೈತಿ," ಅಂದರು.

ಇದನ್ನು ಕೇಳಿದ ಓಣಿಯ ಮುದುಕಿಯೊಬ್ಬಳು ಮರುವಾರ ಕಾಗದದ ಪೊಟ್ಟಣ ತಂದಳು. ಒಳಗೆ ನಾಲ್ಕು ಕೂದಲು.

"ತೇರದಾಳದ ವರಂದು. ಸೆರೆ ಕುಡಿಯೂ ಗುರುತು ಐತೇನ ನೋಡವ್ವಾ."

"ಯಮ್ಮಾ, ಇದು ಹತ್ತಿಗಿ ಅಷ್ಟರಿ!"

"ಹತ್ತಿ ಗಿಡಕ್ಕ ಇಷ್ಟ ನೋಡಿ ಕೂಡಸ್ತೀರಿ. ನನ್ನ ಮೊಮ್ಮಗಳನ್ನ ಬರೇ ಹೊಲ ನೋಡಿ ಕೊಡೂದೇನ?"

ಮೇಡಂ ಆ ಪೊಟ್ಟಣವನ್ನು ಎಸೆಯಲೂ ಇಲ್ಲ, ಒಯ್ಯಲೂ ಇಲ್ಲ.

೪. ಉಳಿದದ್ದು

ಗುರುತಿದ್ದ ಸಸಿ ಉಳಿಸುವುದು, ಹೊಲದ ಹತ್ತಿಗೆ ಮತ್ತೆ ಕೂಡಿಸುವುದು, ಮತ್ತೆ ಎಲೆ ಒಯ್ಯುವುದು. ಪ್ರತಿ ವರ್ಷ ಕೇಳುತ್ತಿದ್ದೆ: "ನಮ್ಮದು ಬಂತೇನ್ರಿ?" ಪ್ರತಿ ವರ್ಷ ಅದೇ ಉತ್ತರ: "ಇನ್ನೊಂದು ಪೀಳಿಗಿ, ಕಾಕಾರ." ನನ್ನ ತಲೆಯೇ ಹತ್ತಿಯಾಯಿತು.

ಕಡೆಗೊಮ್ಮೆ ಮೇಡಂ ಹಿಡಿಯಷ್ಟು ಬೀಜ ತಂದು ನನ್ನ ಕೈಗಿಟ್ಟರು. ಹೊಸ ಮನೆಯ ಕಟ್ಟೆಯ ಪಕ್ಕ ಬಿತ್ತಿದೆ. ಕಾಯಿ ಒಡೆದ ದಿನ ಅವರನ್ನೂ ಕರೆದೆ. ನೆರೆಯವ ಕರೆಯದೆಯೇ ಬಂದು, ಚಪ್ಪಲಿ ಬಿಟ್ಟು ಕಟ್ಟೆಯೇರಿ ಕೂತ.

ಹತ್ತಿ ಬಿಡಿಸಿ ತೊಡೆಯ ಮೇಲೆ ಬತ್ತಿ ಹೊಸೆದೆ. ಎಳೆ ಉದ್ದ, ನುಣುಪು. ಅವಳದು ಗಿಡ್ಡ ಎಳೆ, ಒರಟು. ನನ್ನ ಕೈ ನಿಂತಿತು.

"ಇದು ಅಕೀದಲ್ರಿ," ಅಂದೆ.

ಮೇಡಂ ಮೆಲ್ಲಗೆ ಅಂದರು: "ಖರೆ ಐತ್ರಿ. ಎಳಿ, ಕಾಯಿ, ಬಣ್ಣ ಎಲ್ಲಾ ಹೊಲದ ಹತ್ತೀದು. ಅವರ ಗಿಡದ್ದು ಉಳದದ್ದು ಒಂದ ಗುಣ. ಯಾರನ್ನೂ ಹತ್ರ ಬಿಟ್ಟುಕೊಳ್ಳೂದಿಲ್ಲ."

ನಾನು ಬತ್ತಿಯನ್ನು ಎಣ್ಣೆಗಿಟ್ಟು ದೀಪ ಹಚ್ಚಿದೆ.

ನೆರೆಯವ ಗಿಡವನ್ನೇ ನೋಡುತ್ತಿದ್ದ. ಹುಳವೊಂದು ಎಲೆಯ ಅಂಚಿಗೆ ಬಾಯಿ ಹಚ್ಚಿತು, ತಡವರಿಸಿತು, ಹೊಳ್ಳಿತು, ಬಂದ ಹಾದಿ ಹಿಡಿದು ಸರಸರ ಇಳಿಯಿತು. ಇವನೂ ತಟ್ಟನೆ ಎದ್ದ.

"ಎಲ್ಲಿಗಿ ಹೊಂಟಿಲೇ? ಚಾ ಆಗೂದೈತಿ," ಅಂದೆ.

"ನೀ ಕುಡಿಪಾ," ಅಂದವನೇ ಚಪ್ಪಲಿ ಅಲ್ಲೇ ಬಿಟ್ಟು ಅಂಗಳ ದಾಟಿದ. "ಅಕಿ ಬಂದಾಳ!"