ಹಳೇ ಹೊಲಿಗೆ

ದರ್ಜಿ: ಒಂದು ಸಲ ಕೊಯ್ದು ಹೊಲಿದ ಜಾಗ ಕಣೇ ಅದು. ಎಳೆದಾಡಿದ್ರೆ ಬಿಚ್ಕೊಳ್ಳುತ್ತೆ. ಇಪ್ಪತ್ತು ವರ್ಷದಿಂದ ಮಿಷನ್ ತುಳೀತಿದೀನಿ, ಹೊಲಿಗೆ ವಿಷಯ ನಂಗೆ ಹೇಳ್ಕೊಡ್ಬೇಡ.

ಹೆಂಡತಿ: ಸರಿ. ನನ್ನ ಹೊಟ್ಟೇನೂ ಮಿಷನ್ ಕೆಳಗೆ ಇಟ್ಟು ಇನ್ನೊಂದು ಸಾಲು ಹೊಡೆದುಕೊಡಿ.

ತುಂಬು ಎಂಟು ತಿಂಗಳ ಬಸುರಿ ಹೆಂಡತಿ ಅಂಗಡಿಯ ಮೂಲೆಯಲ್ಲಿ ಕುರ್ಚಿಗೆ ಒರಗಿ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮೊದಲ ಹೆರಿಗೆ ಸಿಜೇರಿಯನ್. ಈ ಸಲ ಮಾಮೂಲಿ ಹೆರಿಗೆಗೆ ಪ್ರಯತ್ನಿಸಬಹುದು, ಬೇಡವೆಂದರೆ ಮತ್ತೆ ಆಪರೇಷನ್. ಯಾವುದೆಂದು ನೀವೇ ಗುರುತು ಹಾಕಿ ಸಂಜೆಯೊಳಗೆ ತನ್ನಿ ಎಂದು ಡಾಕ್ಟರಮ್ಮ ಫಾರಂ ಕೊಟ್ಟು ಕಳಿಸಿದ್ದರು. ಅದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿದ್ದಿತ್ತು. ದರ್ಜಿಯೋ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಾಗ ಮಾತ್ರ ಸುಮ್ಮನಿರುವ ಆಸಾಮಿ. ಇವತ್ತು ಪಿನ್ನುಗಳೆಲ್ಲ ಡಬ್ಬಿಯಲ್ಲೇ ಇದ್ದವು.

ದರ್ಜಿ: ಹದಿನೆಂಟನೇ ತಾರೀಖು ಅಂಗಡಿ ರಜಾ. ಅವತ್ತಿಗೇ ಆಪರೇಷನ್ ಹಾಕಿಸಿಬಿಡೋಣ.

ಹೆಂಡತಿ: ಅಂಗಡಿ ರಜಾ ಅಂತ ಮಗೂಗೆ ತಿಳಿಸಿದೀರಾ?

ಅಷ್ಟರಲ್ಲಿ ಒಳಗಿನ ಕೋಣೆಯಿಂದ ದರ್ಜಿಯ ತಾಯಿ ಬಂದಳು. ಎಲ್ಲ ಕೇಳಿಸಿಕೊಂಡೇ ಬಂದಿದ್ದಳು.

ತಾಯಿ: ಆಪರೇಷನ್ ಬೇಡವೇ ಬೇಡ. ನಾಲ್ಕು ಹೆತ್ತಿದೀನಿ, ಒಂದಕ್ಕೂ ಕತ್ತರಿ ಸೋಕಿಸಿಲ್ಲ. ನೋವು ತಿನ್ನದೆ ಹೆತ್ರೆ ಅದೇನು ಹೆರಿಗೆ?

ಹೆಂಡತಿ: ಅತ್ತೆ, ದಯವಿಟ್ಟು ನನ್ನ ಪರವಾಗಿ ಮಾತಾಡಬೇಡಿ. ಹೊಟ್ಟೆ ಕೊಯ್ಸಿಕೊಂಡು ಎರಡು ತಿಂಗಳು ಗೋಡೆ ಹಿಡಿದು ನಡೆದೆನಲ್ಲ, ಅದೇನು ಕಚಗುಳಿನಾ?

ತಾಯಿ: ನಾನೂ ನಾರ್ಮಲ್ ಅಂತಾನೇ ಅಲ್ವೇನೇ ಹೇಳ್ತಿರೋದು?

ಹೆಂಡತಿ: ನೀವು ಹೇಳ್ತಿರೋದು ನಿಮ್ಮ ನಾಲ್ಕರ ಮಾತು. ನಂದು ಇನ್ನೂ ಹೊಟ್ಟೆಯೊಳಗಿದೆ.

ದರ್ಜಿ: ಹೊಲಿಗೆ ಬಿಚ್ಚಬಹುದು ಅಂತ ಡಾಕ್ಟರಮ್ಮ ಅಂದ್ರೋ ಇಲ್ವೋ?

ಹೆಂಡತಿ: ಅಪರೂಪಕ್ಕೆ ಅಂದ್ರು. ಅದಕ್ಕೇ ಆಪರೇಷನ್ ಕೋಣೆ ಸಿದ್ಧ ಇರುತ್ತೆ ಅಂದ್ರು. ಆಪರೇಷನ್ನಿಗೂ ಅದರದೇ ಅಪಾಯ ಇದೆ ಅಂದ್ರು. ಹೋದ ಸಲ ಮಗು ಕಾಲು ಮುಂದಾಗಿತ್ತು, ಈ ಸಲ ತಲೆ ಕೆಳಗಿದೆ, ನೋಡಬಹುದು ಅಂದ್ರು. ಇಷ್ಟರಲ್ಲಿ ನಿಮ್ಮ ಕಿವಿಗೆ ಬಿದ್ದಿದ್ದು ಒಂದೇ.

ದರ್ಜಿ: ಹೋದ ಸಲ ಆಪರೇಷನ್ ಕೋಣೆ ಬಾಗಿಲ ಹೊರಗೆ ನಿಂತಿದ್ದೋನು ನಾನು. ನಿಂಗೇನು, ಮಲಗಿದ್ದೆ.

ಹೆಂಡತಿ: ಹೌದು ಪಾಪ, ನಿಮಗೆ ಕಾಲು ನೋವು ಬಂದಿರುತ್ತೆ.

ದರ್ಜಿಯ ಮುಖ ಕೆಂಪೇರಿತು. ಅವತ್ತು ಆ ಬಾಗಿಲ ಮುಂದೆ ತನ್ನ ಅಂಗಿಯ ಮೂರು ಗುಂಡಿಗಳನ್ನು ತಿರುಚಿ ತಿರುಚಿ ಕಿತ್ತದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಪೆನ್ನು ಎಳೆದುಕೊಂಡು, ತಾನೇ ಗುರುತು ಹಾಕಿಬಿಡುತ್ತೇನೆಂದು ಫಾರಮ್ಮಿನ ಮೇಲೆ ಬಗ್ಗಿದ. ಆಗಲೇ ಬಟ್ಟೆಯ ಗಂಟು ಹಿಡಿದು ಒಬ್ಬ ಗಿರಾಕಿ ಒಳಬಂದ.

ಗಿರಾಕಿ: ನಮ್ಮ ಮನೆಯವಳಿಗೆ ಒಂದು ಕೋಟು. ಅಳತೆ ನಾನೇ ಹೇಳ್ತೀನಿ, ಬರ್ಕೊಳ್ಳಿ.

ದರ್ಜಿ: ತೊಡೋರನ್ನ ಕರ್ಕೊಂಡು ಬನ್ನಿ.

ಗಿರಾಕಿ: ಹನ್ನೆರಡು ವರ್ಷ ಸಂಸಾರ ಮಾಡಿದೀನಿ ರೀ. ನಂಗೊತ್ತಿಲ್ವಾ?

ದರ್ಜಿ: ಸಂಸಾರ ಮಾಡಿದ ಮಾತ್ರಕ್ಕೆ ಅಳತೆ ಗೊತ್ತಾಗಲ್ಲ. ಬಿಗಿಯಾದ್ರೆ ಉಸಿರು ಕಟ್ಟೋದು ನಿಮಗಾ ಅವರಿಗಾ? ತೊಡೋರ ಬಾಯಿಂದ ಕೇಳದೆ ನಾನು ಕತ್ತರಿ ಮುಟ್ಟಲ್ಲ. ಹೊರಗೆ ಬೋರ್ಡ್ ಹಾಕಿದೀನಿ, ಓದಿಕೊಂಡು ಹೋಗಿ.

ಗಿರಾಕಿ ಗೊಣಗುತ್ತ ಹೋದ. ದರ್ಜಿ ಫಾರಮ್ಮನ್ನು ನೋಡಿದ, ಬಾಗಿಲನ್ನು ನೋಡಿದ, ಪೆನ್ನು ಹಿಡಿದ ತನ್ನ ಕೈ ನೋಡಿಕೊಂಡ. ಹೆಂಡತಿ ದಾರವನ್ನು ಹಲ್ಲಿನಲ್ಲಿ ಕಡಿದು ಕೈ ಚಾಚಿದಳು.

ಹೆಂಡತಿ: ಕೊಡಿ ಇತ್ಲಾಗೆ. ಬೋರ್ಡ್ ನಾನೂ ಓದಿದೀನಿ.

ಕೊಟ್ಟ. ಅವಳು ಮಾಮೂಲಿ ಹೆರಿಗೆಯ ಎದುರಿಗೆ ಗುರುತು ಹಾಕಿ, ಕೆಳಗೆ ಎರಡು ಸಾಲು ಬರೆದಳು.

ತಾಯಿ: ನೋಡಿದ್ಯಾ, ನಾನು ಹೇಳಿದಂಗೇ ಆಯ್ತು.

ಹೆಂಡತಿ: ತೊಂದರೆ ಕಂಡ್ರೆ ತಕ್ಷಣ ಆಪರೇಷನ್ ಮಾಡಿ ಅಂತಾನೂ ಬರೆದಿದೀನಿ. ಅದನ್ನೂ ನೀವೇ ಹೇಳಿದ್ದು ಅನ್ನಿ. ಏನ್ರೀ, ಹೆರಿಗೆ ಕೋಣೇಲಿ ಜೊತೆಗೆ ಒಬ್ರು ಇರಬಹುದಂತೆ. ಯಾರ ಹೆಸರು ಬರೀಲಿ?

ದರ್ಜಿ: ನಂದು.

ಹೆಂಡತಿ: ಒಂದೂ ಬುದ್ಧಿ ಹೇಳದೆ ನಿಂತ್ಕೊಳ್ಳೋಕಾಗುತ್ತಾ?

ದರ್ಜಿ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಡಬ್ಬಿಗೆ ಕೈ ಹಾಕಿ, ಐದಾರು ಗುಂಡುಪಿನ್ನು ತೆಗೆದು, ಒಂದೊಂದಾಗಿ ತುಟಿಗಳ ನಡುವೆ ಕಚ್ಚಿಕೊಂಡು, ಆಗುತ್ತದೆಂದು ತಲೆಯಾಡಿಸಿದ.

ಹೆಂಡತಿ ಅವನ ಹೆಸರು ಬರೆದಳು.

ಹೆಂಡತಿ: ಆಸ್ಪತ್ರೆಗೆ ಬರುವಾಗ ಡಬ್ಬೀನೇ ತಗೊಂಬನ್ನಿ.